ಬೌಲ್ ಗೇಮ್‌ಗೆ ಕೂರುವ ಮುನ್ನ: ಯಾರು ಆಡಲ್ಲ, ಯಾಕೆ ಆಡಲ್ಲ ಅಂತ ತಿಳಿದುಕೊಳ್ಳುವುದು ಹೇಗೆ

ನಾನು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಜನರ ಮಂಡಿ ನೋಡುವುದೇ ನನ್ನ ಕೆಲಸ. ಈ ಊರಲ್ಲಿ ಇದ್ದು ಕಾಲೇಜ್ ಫುಟ್‌ಬಾಲ್ (ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ನೋಡದೆ ಇರೋಕೆ ಆಗಲ್ಲ. ಶನಿವಾರ ಬಂತೆಂದರೆ ಬೀದಿಯೆಲ್ಲ ಕೆಂಪು ಅಂಗಿ.

2022ರ ಜನವರಿ 1ರಂದು ರೋಸ್ ಬೌಲ್ (ಮಾಮೂಲಿ ಸೀಸನ್ ಮುಗಿದ ಮೇಲೆ ಆಡುವ ವಿಶೇಷ ಪಂದ್ಯಗಳಿಗೆ ಬೌಲ್ ಅನ್ನುತ್ತಾರೆ) ನೋಡಲು ಪಕ್ಕದ ಮನೆಯ ಹಿರಿಯರು ನಮ್ಮ ಮನೆಗೆ ಬಂದಿದ್ದರು. ಒಹಾಯೊ ಸ್ಟೇಟ್‌ಗೂ ಯೂಟಾಗೂ ಪಂದ್ಯ. ಒಹಾಯೊ ಸ್ಟೇಟ್‌ನ ಇಬ್ಬರು ದೊಡ್ಡ ವೈಡ್ ರಿಸೀವರ್‌ಗಳಾದ (ದೂರದಿಂದ ಎಸೆದ ಚೆಂಡು ಹಿಡಿಯುವವರು) ಗ್ಯಾರೆಟ್ ವಿಲ್ಸನ್ ಮತ್ತು ಕ್ರಿಸ್ ಒಲಾವೆ ಆಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ನಮ್ಮ ಹಿರಿಯರಿಗೆ ಬೇಸರವೋ ಬೇಸರ. "ಈಗಿನ ಹುಡುಗರಿಗೆ ಆಟದ ಮೇಲೆ ಪ್ರೀತಿಯೇ ಇಲ್ಲ" ಅಂದರು. ಆ ಮಾತು ನನಗೆ ಚುಚ್ಚಿತು. ಯಾಕಂದರೆ ಆ ವಾರವಷ್ಟೇ ಇಪ್ಪತ್ತು ವರ್ಷದ ಒಬ್ಬ ಹುಡುಗ ನನ್ನ ಮುಂದೆ ಮೇಜಿನ ಮೇಲೆ ಮಲಗಿ, ತನ್ನ ಕಾಲನ್ನು ತಾನೇ ಎತ್ತಲಾಗದೆ ಅತ್ತಿದ್ದ.

ಹೊಸದಾಗಿ ಈ ಆಟ ನೋಡಲು ಶುರು ಮಾಡಿದವರಿಗೆ, ಡಿಸೆಂಬರ್ ಬಂದ ಕೂಡಲೇ ಆಟಗಾರರು ಒಬ್ಬೊಬ್ಬರಾಗಿ ಎಲ್ಲಿಗೆ ಹೋಗ್ತಾರೆ ಅಂತ ತಲೆ ಕೆಡಿಸಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಂದ್ಯ ಯಾವುದು ಅಂತ ನೋಡಿ. ಮಾಮೂಲಿ ಸೀಸನ್‌ನಲ್ಲಿ ಒಂದು ತಂಡಕ್ಕೆ 12 ಪಂದ್ಯ. ಅದರಲ್ಲಿ 6 ಗೆದ್ದರೆ ಬೌಲ್‌ಗೆ ಅರ್ಹತೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ ಹೀಗೆ ಸುಮಾರು ನಲವತ್ತು ಬೌಲ್ ಪಂದ್ಯಗಳು ನಡೆಯುತ್ತವೆ. ಎಲ್ಲಕ್ಕಿಂತ ಹಳೆಯದು ಪ್ಯಾಸಡೀನಾದ ರೋಸ್ ಬೌಲ್. 1902ರಲ್ಲಿ ಮೊದಲ ಪಂದ್ಯ ಆಗಿದ್ದು. ಇವುಗಳಲ್ಲಿ ಕೆಲವು ಮಾತ್ರ ಪ್ಲೇಆಫ್‌ಗೆ ಸೇರಿದವು, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳು. ಪ್ಲೇಆಫ್‌ಗೆ 2014ರ ಸೀಸನ್‌ನಿಂದ 4 ತಂಡಗಳಿದ್ದವು, 2024ರ ಸೀಸನ್‌ನಿಂದ 12 ಆದವು. ಪ್ಲೇಆಫ್ ಪಂದ್ಯವಾದರೆ ಚಿಂತೆ ಬಿಡಿ, ಆಡುವ ಶಕ್ತಿ ಇರುವವರು ಹೆಚ್ಚುಕಮ್ಮಿ ಎಲ್ಲರೂ ಆಡುತ್ತಾರೆ. ಉಳಿದ ಬೌಲ್‌ಗಳಲ್ಲಿ ಗೆದ್ದರೆ ಒಂದು ಟ್ರೋಫಿ, ಸೋತರೆ ಸೀಸನ್ ಮುಗಿಯಿತು, ಅಷ್ಟೇ. ಮೈದಾನ ಖಾಲಿಯಾಗುವುದು ಈ ಪಂದ್ಯಗಳಲ್ಲೇ.

ಎರಡನೆಯದಾಗಿ, ಒಂದು ಕ್ಯಾಲೆಂಡರ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಇಡೀ ವಿಷಯದ ತಿರುಳು ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜನವರಿ 1ರಂದು ಬೌಲ್. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಎನ್‌ಎಫ್‌ಎಲ್ (ದುಡ್ಡಿಗೆ ಆಡುವ ವೃತ್ತಿಪರ ಲೀಗ್) ಕಂಬೈನ್, ಅಂದರೆ ಅಲ್ಲಿಗೆ ಹೋಗಬಯಸುವ ಹುಡುಗರ ಪರೀಕ್ಷೆ. ಅಲ್ಲಿ ಹುಡುಗರನ್ನು ಓಡಿಸಿ, ನೆಗೆಸಿ, ಡಾಕ್ಟರುಗಳು ಒಂದೊಂದು ಕೀಲನ್ನೂ ಹಿಡಿದು ತಿರುಗಿಸಿ ನೋಡುತ್ತಾರೆ. ಏಪ್ರಿಲ್ ಕೊನೆಗೆ ಡ್ರಾಫ್ಟ್, ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು: 32 ತಂಡ, 7 ಸುತ್ತು. ಸೆಪ್ಟೆಂಬರ್‌ನಲ್ಲಿ ಎನ್‌ಎಫ್‌ಎಲ್ ಸೀಸನ್ ಶುರು.

ಈಗ ಆ ಜನವರಿ 1ರಂದೇ ಎಸಿಎಲ್ ಹರಿಯಿತು ಅಂದುಕೊಳ್ಳಿ. ಅದು ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಒಂದು ಚಿಕ್ಕ ಪಟ್ಟಿ, ಅಂದರೆ ಲಿಗಮೆಂಟ್. ಹರಿದ ಮೇಲೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಆಟಕ್ಕೆ ಮರಳಬೇಕಾದವರಿಗೆ ಸಾಮಾನ್ಯವಾಗಿ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಹೊಸದಾಗಿ ಕಟ್ಟುತ್ತಾರೆ. ಆಪರೇಷನ್ ಆದ ಮೊದಲ ವಾರ ನಾನು ಹೇಳುವ ಕೆಲಸ ಒಂದೇ: "ಮಂಡಿ ಮಡಚದೆ ಕಾಲನ್ನು ನೇರವಾಗಿ ಒಂದು ಗೇಣು ಮೇಲೆತ್ತಿ." ಕೇಳಲು ಸುಲಭ. ಆದರೆ ತೊಡೆಯ ಮುಂದಿನ ಸ್ನಾಯು ಮಾತು ಕೇಳುವುದಿಲ್ಲ. ನೂರಾರು ಕಿಲೋ ಭಾರ ಹೊತ್ತು ಕೂತೇಳುತ್ತಿದ್ದ ಹುಡುಗ ಹಲ್ಲು ಕಚ್ಚುತ್ತಾನೆ, ಹಣೆಯಲ್ಲಿ ಬೆವರು, ಹಿಮ್ಮಡಿ ಮಾತ್ರ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೆಲವೇ ವಾರಗಳಲ್ಲಿ ಆ ತೊಡೆ ಎಷ್ಟು ಸಣ್ಣಗಾಗುತ್ತದೆ ಅಂದರೆ ಅಳತೆ ಟೇಪು ಹಿಡಿಯುವಾಗ ಅವರ ಮುಖ ನೋಡಲು ನನಗೆ ಮನಸ್ಸು ಬರುವುದಿಲ್ಲ. ಮೆಲ್ಲಗೆ ಓಡಲು ಮೂರು ನಾಲ್ಕು ತಿಂಗಳು ಬೇಕು. ಪಂದ್ಯಕ್ಕೆ ಮರಳಲು ಒಂಬತ್ತು ತಿಂಗಳಿಂದ ಒಂದು ವರ್ಷ.

ಕ್ಯಾಲೆಂಡರ್ ಮೇಲೆ ಎಣಿಸಿ. ಕಂಬೈನ್ ಹೋಯಿತು. ಡ್ರಾಫ್ಟ್ ದಿನ ಅವನು ಇನ್ನೂ ಮೆಲ್ಲಗೆ ಓಡುವುದನ್ನು ಕಲಿಯುತ್ತಿರುತ್ತಾನೆ. ಸೆಪ್ಟೆಂಬರ್ ಕೂಡ ಹೋಯಿತು. ಅದೇ ಪೆಟ್ಟು ಹಿಂದಿನ ಸೆಪ್ಟೆಂಬರ್‌ನಲ್ಲಿ ಆಗಿದ್ದರೆ ಮುಂದಿನ ಸೀಸನ್‌ಗೆ ಪೂರ್ತಿ ಒಂದು ವರ್ಷ ಸಿಗುತ್ತಿತ್ತು. ಇಡೀ ವರ್ಷದಲ್ಲಿ ಮಂಡಿ ಕೆಡಿಸಿಕೊಳ್ಳಲು ಇದಕ್ಕಿಂತ ಕೆಟ್ಟ ದಿನ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಮೂರನೆಯದು ದುಡ್ಡಿನ ಲೆಕ್ಕ. ಇದಕ್ಕೆ 2016ರ ಜನವರಿ 1ರ ಫಿಯೆಸ್ಟಾ ಬೌಲ್ ಒಂದನ್ನು ನೋಡಿದರೆ ಸಾಕು. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಒಹಾಯೊ ಸ್ಟೇಟ್‌ಗೂ ನೋಟರ್ ಡೇಮ್‌ಗೂ ಪಂದ್ಯ. ನೋಟರ್ ಡೇಮ್‌ನ ಲೈನ್‌ಬ್ಯಾಕರ್ (ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರ) ಜೇಲನ್ ಸ್ಮಿತ್, ಆ ವರ್ಷ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್‌ಕಸ್ ಪ್ರಶಸ್ತಿ ಗೆದ್ದವನು. ಡ್ರಾಫ್ಟ್‌ನಲ್ಲಿ ಮೊದಲ ಐದರೊಳಗೆ ಆಯ್ಕೆ ಆಗುತ್ತಾನೆ ಅಂತ ಎಲ್ಲರೂ ಹೇಳುತ್ತಿದ್ದರು. ಮೊದಲ ಕ್ವಾರ್ಟರ್‌ನಲ್ಲೇ ಎಡ ಮಂಡಿಯ ಎರಡು ಲಿಗಮೆಂಟ್ ಹರಿದವು, ಜೊತೆಗೆ ನರಕ್ಕೂ ಪೆಟ್ಟು. ಆ ನರ ಕೆಟ್ಟರೆ ಪಾದವನ್ನು ಮೇಲಕ್ಕೆ ಎತ್ತಲಾಗುವುದಿಲ್ಲ, ನಡೆಯುವಾಗ ಬೆರಳು ನೆಲಕ್ಕೆ ತಾಗುತ್ತದೆ. ಲಿಗಮೆಂಟ್ ಹೊಸದಾಗಿ ಕಟ್ಟಬಹುದು, ನರ ಯಾವಾಗ ಏಳುತ್ತದೋ ಯಾರೂ ಹೇಳಲಾರರು.

ಅದೇ ಪಂದ್ಯದಲ್ಲಿ ಎದುರು ತಂಡದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಎಜೀಕಿಯಲ್ ಎಲಿಯಟ್ 4 ಟಚ್‌ಡೌನ್ ಹೊಡೆದ, ಅಂದರೆ ನಾಲ್ಕು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದ. ನಾಲ್ಕು ತಿಂಗಳಾದ ಮೇಲೆ ಇಬ್ಬರನ್ನೂ ಒಂದೇ ತಂಡ ತೆಗೆದುಕೊಂಡಿತು, ಡಾಲಸ್ ಕೌಬಾಯ್ಸ್. ಎಲಿಯಟ್ 4ನೆಯವನು, ಸ್ಮಿತ್ 34ನೆಯವನು. ಎಲಿಯಟ್‌ನ ನಾಲ್ಕು ವರ್ಷದ ಒಪ್ಪಂದ ಸುಮಾರು 2.5 ಕೋಟಿ ಡಾಲರ್, ಸ್ಮಿತ್‌ನದು ಸುಮಾರು 65 ಲಕ್ಷ ಡಾಲರ್. ಒಂದೇ ಮೈದಾನ, ಒಂದೇ ಮಧ್ಯಾಹ್ನ. ಸ್ಮಿತ್ ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ಕಾಲಿಗೆ ಬ್ರೇಸ್ ಕಟ್ಟಿಕೊಂಡು ಮೈದಾನಕ್ಕೆ ಇಳಿದ, 2019ರಲ್ಲಿ ಪ್ರೊ ಬೌಲ್‌ಗೂ (ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರರಿಗೆ ಸಿಗುವ ಗೌರವ) ಆಯ್ಕೆಯಾದ. ಅವನ ಆ ಹಟಕ್ಕೆ ನಾನು ಕೈ ಮುಗಿಯುತ್ತೇನೆ. ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಅಲ್ವಾ.

ಇದಕ್ಕೂ ಮೊದಲು ಇಂಥದ್ದು ಆಗಿರಲಿಲ್ಲ ಅಂತಲ್ಲ. 2003ರ ಜನವರಿಯಲ್ಲಿ ಮಯಾಮಿಯ ವಿಲ್ಲಿಸ್ ಮೆಗೇಹಿ ಮಂಡಿ ಕಳೆದುಕೊಂಡಿದ್ದ. ಆದರೆ ಅದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪಂದ್ಯ, ಅಲ್ಲಿ ಆಡದೆ ಇರುವ ಮಾತೇ ಇರಲಿಲ್ಲ. ಸ್ಮಿತ್ ಆಡಿದ್ದು ಟ್ರೋಫಿಯಾಚೆಗೆ ಏನೂ ಇಲ್ಲದ ಪಂದ್ಯ. ಆ ವ್ಯತ್ಯಾಸ ಎಲ್ಲರ ಮನಸ್ಸಿಗೆ ನಾಟಿತು. ಅದೇ 2016ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಸನ್ ಬೌಲ್ ಬಿಟ್ಟ, ಲೂಸಿಯಾನಾ ಸ್ಟೇಟ್‌ನ (ಎಲ್‌ಎಸ್‌ಯು) ಲೆನರ್ಡ್ ಫೋರ್ನೆಟ್ ಸಿಟ್ರಸ್ ಬೌಲ್ ಬಿಟ್ಟ. ದೊಡ್ಡ ಗಲಾಟೆಯೇ ಆಯಿತು. ಏಪ್ರಿಲ್‌ನಲ್ಲಿ ಫೋರ್ನೆಟ್ 4ನೆಯವನಾಗಿ, ಮೆಕ್ಯಾಫ್ರಿ 8ನೆಯವನಾಗಿ ಆಯ್ಕೆಯಾದರು. ಬೌಲ್ ಬಿಟ್ಟರೆ ಎನ್‌ಎಫ್‌ಎಲ್ ತಂಡಗಳು ಮುಖ ತಿರುಗಿಸುತ್ತವೆ ಅನ್ನುವ ಭಯ ಅಲ್ಲಿಗೆ ಹೋಯಿತು. ಅದೇ ಡಿಸೆಂಬರ್ 30ರಂದು ಮಿಷಿಗನ್‌ನ ಜೇಕ್ ಬಟ್ ಆರೆಂಜ್ ಬೌಲ್ ಆಡಿ ಎಸಿಎಲ್ ಹರಿದುಕೊಂಡ. ಅವನಿಗೆ ಕರೆ ಬಂದದ್ದು ಐದನೇ ಸುತ್ತಿನಲ್ಲಿ.

ಹಾಗಾಗಿ ನಿಮ್ಮ ತಂಡದ ಯಾರು ಆಡಲಿಕ್ಕಿಲ್ಲ ಅಂತ ಊಹಿಸಬೇಕಾದರೆ, ಡಿಸೆಂಬರ್ ಮೊದಲ ವಾರದಲ್ಲಿ ಡ್ರಾಫ್ಟ್ ಊಹೆಯ ಪಟ್ಟಿಗಳನ್ನು ತೆಗೆದು ನೋಡಿ. ಮೊದಲ ಎರಡು ಸುತ್ತಿನಲ್ಲಿ ಹೆಸರಿದ್ದರೆ ಬೌಲ್‌ನಲ್ಲಿ ಕಾಣಿಸುವುದು ಅನುಮಾನ. ಮೊದಲ ಸುತ್ತಿನ ಒಪ್ಪಂದ ನಾಲ್ಕು ವರ್ಷದ್ದು, ದುಡ್ಡಿಗೆ ಹೆಚ್ಚಿನಂಶ ಖಾತರಿ ಇರುತ್ತದೆ. ಕೆಳಗೆ ಇಳಿದಷ್ಟೂ ದುಡ್ಡೂ ಕಡಿಮೆ, ಖಾತರಿಯೂ ಕಡಿಮೆ. ಅದರಲ್ಲೂ ರನ್ನಿಂಗ್ ಬ್ಯಾಕ್ ಆದರೆ ಇನ್ನೂ ಅನುಮಾನ, ಪ್ರತಿ ಸಲ ಚೆಂಡು ಹಿಡಿದಾಗಲೂ ಅವನ ಮಂಡಿಯ ಮೇಲೆ ಯಾರಾದರೂ ಬೀಳುತ್ತಲೇ ಇರುತ್ತಾರೆ. ಕೆಲವರು ಸೀಸನ್ ಪೂರ್ತಿ ನೋವು ನುಂಗಿ ಆಡಿರುತ್ತಾರೆ. ಭುಜದ್ದೋ ಪಾದದ್ದೋ ಆಪರೇಷನ್ ಡಿಸೆಂಬರ್‌ನಲ್ಲೇ ಮಾಡಿಸಿಕೊಂಡರೆ ಮುಂದಿನ ಸೀಸನ್‌ಗೆ ತಯಾರಾಗಬಹುದು ಅಂತ ಅವರ ಲೆಕ್ಕ. ಟಿವಿಯಲ್ಲಿ ಇವರನ್ನೂ ಅದೇ ಸಾಲಿಗೆ ಸೇರಿಸಿ ಮಾತಾಡುವಾಗ ನನಗೆ ಸಂಕಟವಾಗುತ್ತದೆ.

ಇನ್ಶೂರೆನ್ಸ್ ಇಲ್ವಾ ಅಂತ ನೀವು ಕೇಳಬಹುದು. ಇದೆ. ಪೆಟ್ಟಿನಿಂದ ಡ್ರಾಫ್ಟ್‌ನಲ್ಲಿ ಕೆಳಗೆ ಬಿದ್ದರೆ ದುಡ್ಡು ಕೊಡುವ ಪಾಲಿಸಿಗಳಿವೆ. ಸ್ಮಿತ್‌ಗೆ ಸುಮಾರು 9 ಲಕ್ಷ ಡಾಲರ್ ಬಂತೆಂದು ವರದಿಯಾಗಿತ್ತು. ಕಳೆದುಕೊಂಡದ್ದರ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. 2024ರ ಡಿಸೆಂಬರ್‌ನಲ್ಲಿ ಕೊಲರಾಡೊದ ಟ್ರಾವಿಸ್ ಹಂಟರ್ ಮತ್ತು ಶಡೂರ್ ಸ್ಯಾಂಡರ್ಸ್‌ಗೆ ವಿಶ್ವವಿದ್ಯಾಲಯವೇ ಇನ್ಶೂರೆನ್ಸ್ ಮಾಡಿಸಿತು, ಇಬ್ಬರೂ ಅಲಾಮೊ ಬೌಲ್ ಆಡಿದರು. ಹಂಟರ್ ಡ್ರಾಫ್ಟ್‌ನಲ್ಲಿ 2ನೆಯವನಾದ. ಹೀಗೂ ಆಗುತ್ತದೆ, ಆದರೆ ಅಪರೂಪ.

ನಾಲ್ಕನೆಯದು, ಎಲ್ಲರೂ ಎನ್‌ಎಫ್‌ಎಲ್‌ಗೆ ಹೊರಟವರಲ್ಲ. ಎಷ್ಟೋ ಜನ ಬೇರೆ ಕಾಲೇಜಿಗೆ ಹೊರಟವರು. ಹೆಸರಿನ ಮುಂದೆ "ಪೋರ್ಟಲ್" ಅಂತ ಕಂಡರೆ ಅದೇ ಅರ್ಥ. ಕಾಲೇಜು ಬದಲಿಸುವವರು ಹೆಸರು ನೋಂದಾಯಿಸುವ ಈ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂತು. ಮೊದಲ ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿಲ್ಲ ಅಂತ 2021ರಲ್ಲಿ ನಿಯಮ ಸಡಿಲವಾಯಿತು. ಆಟಗಾರರಿಗೆ ಜಾಹೀರಾತಿನಂಥವುಗಳಲ್ಲಿ ತಮ್ಮ ಹೆಸರು ಬಳಸಿ ದುಡ್ಡು ಗಳಿಸಲು ಅನುಮತಿ ಸಿಕ್ಕಿದ್ದೂ ಅದೇ ವರ್ಷ ಜುಲೈ 1ರಂದು. ಕೆಲವು ವರ್ಷ ಪೋರ್ಟಲ್ ಡಿಸೆಂಬರ್‌ನಲ್ಲೇ, ಬೌಲ್‌ಗಳ ಹೊತ್ತಿಗೇ ತೆರೆದಿರುತ್ತಿತ್ತು. ಹೊಸ ಕಾಲೇಜಿನವರು ಜಾಗ ತುಂಬಿಸಿಕೊಳ್ಳುತ್ತಿರುವಾಗ ಹಳೆಯ ತಂಡದ ಜೊತೆ ಯಾರು ತಾನೇ ಸುಮ್ನೆ ಕಾಯುತ್ತಾರೆ? 2026ಕ್ಕೆ ಇದನ್ನು ಜನವರಿ 2ರಿಂದ 16ರವರೆಗೆ ಒಂದೇ ಅವಧಿ ಅಂತ ಬದಲಿಸಿದರು. ದಿನಾಂಕ ಮತ್ತೆ ಬದಲಾಗಬಹುದು, ಹಾಗಾಗಿ ಪ್ರತಿ ವರ್ಷ ನೋಡಿಕೊಳ್ಳಿ.

ಜೊತೆಗೆ ಕೋಚ್ ಇದ್ದಾರೋ ಹೋದರೋ ಅಂತಲೂ ನೋಡಿ. ಕೋಚ್‌ಗಳು ಡಿಸೆಂಬರ್‌ನಲ್ಲೇ ದೊಡ್ಡ ಸಂಬಳಕ್ಕೆ ಬೇರೆ ಕಡೆ ಹೋಗುತ್ತಾರೆ, ಅವರನ್ನು ಯಾರೂ ಅಷ್ಟಾಗಿ ಬೈಯುವುದಿಲ್ಲ. 2024ರಲ್ಲಿ ಮಾರ್ಷಲ್ ತಂಡದ ಕೋಚ್ ಬೇರೆ ಕಡೆ ಹೋದ ಮೇಲೆ ಎಷ್ಟು ಜನ ಪೋರ್ಟಲ್‌ಗೆ ಹೋದರೆಂದರೆ, ಇಂಡಿಪೆಂಡೆನ್ಸ್ ಬೌಲ್ ಆಡಲು ತಂಡಕ್ಕೆ ಸಾಕಷ್ಟು ಹುಡುಗರೇ ಉಳಿಯಲಿಲ್ಲ. ಮಾರ್ಷಲ್ ಹಿಂದೆ ಸರಿಯಿತು, ಆ ಜಾಗಕ್ಕೆ ಲೂಸಿಯಾನಾ ಟೆಕ್ ಬಂತು. ಅದಕ್ಕೂ ಹಿಂದಿನ ವರ್ಷ ಫ್ಲೋರಿಡಾ ಸ್ಟೇಟ್ 13 ಪಂದ್ಯ ಆಡಿ ಹದಿಮೂರೂ ಗೆದ್ದರೂ ಪ್ಲೇಆಫ್‌ಗೆ ಸೇರಿಸಲಿಲ್ಲ. ನೊಂದ ತಂಡ ಅರ್ಧ ಖಾಲಿಯಾಗಿ ಆರೆಂಜ್ ಬೌಲ್‌ಗೆ ಬಂದು ಜಾರ್ಜಿಯಾ ಎದುರು 63-3ರಿಂದ ಸೋತಿತು. ಆ ಸ್ಕೋರು ನೋಡಿ ಎರಡು ತಂಡಗಳನ್ನು ಅಳೆಯಬೇಡಿ.

ಇನ್ನೊಂದು ಮಾತು. ಕಾಲೇಜಿನಲ್ಲಿ ಆಡುವವರಲ್ಲಿ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರಲ್ಲಿ ಕೊನೆಯ ವರ್ಷದವರಿಗೆ ಆ ಬೌಲ್ ಜೀವನದ ಕಡೆಯ ಪಂದ್ಯ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ತಾಯಿ "ಆಡಲಾ ಬೇಡವಾ, ನೀವೇ ಹೇಳಿ" ಅಂದಿದ್ದರು. ನಾನು ಹುಡುಗನನ್ನೇ ಕೇಳಿದೆ, ಡ್ರಾಫ್ಟ್ ಪಟ್ಟಿಯಲ್ಲಿ ಹೆಸರಿದೆಯಾ ಅಂತ. ಇಲ್ಲ ಅಂದ. ಮಂಡಿ ಪರೀಕ್ಷಿಸಿದೆ, ಗಟ್ಟಿಯಾಗಿತ್ತು. "ಹಾಗಾದರೆ ಆಡು" ಅಂದೆ. ಪಂದ್ಯ ಮುಗಿದ ಮೇಲೆ ಹುಲ್ಲು ಮೆತ್ತಿದ ಅಂಗಿಯಲ್ಲೇ ತಾಯಿ ಜೊತೆ ತೆಗೆಸಿಕೊಂಡ ಫೋಟೋ ಕಳಿಸಿದ್ದ. ಅದು ಈಗಲೂ ನನ್ನ ಫೋನಿನಲ್ಲಿದೆ.

ಪಂದ್ಯದ ದಿನ ಮಾಡಬೇಕಾದ್ದು ಇಷ್ಟು. ಆಡದವರ ಪಟ್ಟಿ ನೋಡಿ, ಅವರ ಜಾಗಕ್ಕೆ ಯಾರು ಬರುತ್ತಾರೆ ಅಂತ ಎರಡು ಹೆಸರು ಬರೆದಿಟ್ಟುಕೊಳ್ಳಿ. ಅವರನ್ನೇ ನೋಡಿ. 2023ರಲ್ಲಿ ಯುಎಸ್‌ಸಿ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಕೇಲಬ್ ವಿಲಿಯಮ್ಸ್ ಹಾಲಿಡೇ ಬೌಲ್ ಆಡಲಿಲ್ಲ. ಬದಲಿಗೆ ಬಂದ ಮಿಲ್ಲರ್ ಮಾಸ್ ಲೂಯಿವಿಲ್ ಮೇಲೆ 6 ಟಚ್‌ಡೌನ್ ಪಾಸ್ ಎಸೆದ. ಒಂದು ವರ್ಷದ ಮೇಲೆ ಅದೇ ಲೂಯಿವಿಲ್‌ಗೆ ಸೇರಿಕೊಂಡ!

ನಮ್ಮ ಮನೆಯ ಆ ರೋಸ್ ಬೌಲ್‌ಗೆ ಬರುತ್ತೇನೆ. ವಿಲ್ಸನ್, ಒಲಾವೆ ಇಲ್ಲದ ಜಾಗ ಜ್ಯಾಕ್ಸನ್ ಸ್ಮಿತ್-ಇನ್‌ಜಿಗ್ಬನ ಪಾಲಿಗೆ ಬಂತು. 15 ಕ್ಯಾಚ್, 347 ಯಾರ್ಡ್. ಮಾರ್ವಿನ್ ಹ್ಯಾರಿಸನ್ ಜೂನಿಯರ್ ಅನ್ನುವ ಮೊದಲ ವರ್ಷದ ಹುಡುಗ 3 ಟಚ್‌ಡೌನ್ ಹಿಡಿದ. ಹಿಂದೆ ಬಿದ್ದಿದ್ದ ಒಹಾಯೊ ಸ್ಟೇಟ್ 48-45ರಿಂದ ಗೆದ್ದಿತು. ಹಿರಿಯರು ಸೋಫಾದಿಂದ ಎದ್ದು ನಿಂತೇ ಕೊನೆಯ ಕ್ವಾರ್ಟರ್ ನೋಡಿದರು.

ಎರಡು ವರ್ಷದ ಮೇಲೆ, 2023ರ ಡಿಸೆಂಬರ್ 29ರಂದು ಕಾಟನ್ ಬೌಲ್. ಮತ್ತೆ ಇಬ್ಬರೂ ಅದೇ ಸೋಫಾ. ಈ ಸಲ ಆಡದೆ ಉಳಿದದ್ದು ಹ್ಯಾರಿಸನ್. ಒಹಾಯೊ ಸ್ಟೇಟ್ ಮಿಸೌರಿ ಎದುರು 14-3ರಿಂದ ಸೋತಿತು. ನಾನು ಹಿರಿಯರ ಮುಖ ನೋಡಿದೆ. ಅವರು ಕೇಳಿದ್ದು ಒಂದೇ: "ಡ್ರಾಫ್ಟ್ ಯಾವತ್ತು?" ಏಪ್ರಿಲ್‌ನಲ್ಲಿ ಅರಿಜೋನಾ ತಂಡ 4ನೆಯದಾಗಿ ಹ್ಯಾರಿಸನ್ ಹೆಸರು ಕರೆದಾಗ ಅವರು ನಮ್ಮ ಮನೆಯಲ್ಲೇ ಕೂತಿದ್ದರು.