ಸುತ್ತೋಲೆ ಕೈಬಿಟ್ಟ ಮೇಲೆ ಮೇಷ್ಟ್ರುಗಳು ಬಾಯಿ ಬಿಟ್ಟರು

ಮೊದಲ ತಪ್ಪು ನನ್ನದೇ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಕಾಲೇಜುಗಳಲ್ಲಿ ಒಂದೇ ವಿಷಯ ಕಲಿಸುವ ನಾವೆಲ್ಲ ಒಬ್ಬರಿಂದೊಬ್ಬರು ಕಲಿಯೋಣ ಅಂತ ವಾಟ್ಸಾಪ್ ಗುಂಪು ಮಾಡಿದೆ. ಹದಿನೈದೇ ದಿನದಲ್ಲಿ ಅದು ಶುಭೋದಯದ ಹೂವಿನ ತೋಟವಾಯಿತು. ಆಮೇಲೆ ಸುತ್ತೋಲೆ ಹೊರಡಿಸಿ ಸಭೆ ಕರೆಸಿದೆ. ಎಲ್ಲರೂ ಬಂದರು, ಸಹಿ ಹಾಕಿದರು, ಕಾಫಿ ಕುಡಿದು ಹೋದರು.

1991ರಲ್ಲಿ ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 'ಕಮ್ಯುನಿಟಿ ಆಫ್ ಪ್ರಾಕ್ಟೀಸ್', ಅಂದ್ರೆ ಒಂದೇ ಕೆಲಸ ಮಾಡುತ್ತಾ ಒಬ್ಬರಿಂದೊಬ್ಬರು ಕಲಿಯುವವರ ಗುಂಪು, ಅನ್ನೋ ಮಾತು ಮುಂದಿಟ್ಟಾಗ ಅವರ ಉದಾಹರಣೆಗಳಲ್ಲಿ ಸೂಲಗಿತ್ತಿಯರು, ದರ್ಜಿಗಳು ಇದ್ದರು. ಕೆಲಸದ ಪಕ್ಕದಲ್ಲೇ ಕೂತು ಕಲಿತವರು. ಇದನ್ನು ಓದಿದಾಗ ಹೊಳೆಯಿತು, ನಮ್ಮ ಸಭೆಯಲ್ಲಿ ಕೆಲಸವೇ ಇರಲಿಲ್ಲ ಅಲ್ವಾ!

ಹಾಗಾಗಿ ಸುತ್ತೋಲೆ ಹೊರಡಿಸೋದನ್ನೇ ಕೈಬಿಟ್ಟೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಐದಾರು ಜನ, ಹಾಜರಿ ಪುಸ್ತಕ ಇಲ್ಲ. ಬರುವವರು ಹೆಸರು ಮುಚ್ಚಿದ ಒಂದು ಇಂಟರ್ನಲ್ ಉತ್ತರಪತ್ರಿಕೆ ತರಬೇಕು, ಹುಡುಗರು ಎಲ್ಲಿ ಎಡವಿದರು, ಪಾಠದಲ್ಲಿ ನಾನೆಲ್ಲಿ ಎಡವಿದೆ ಅಂತ ಹೇಳಬೇಕು, ಅಷ್ಟೇ.

ಇನ್ನೊಂದು ತೊಡಕು ತಡವಾಗಿ ಕಂಡಿತು. ಕಾಯಂ ಆದವರು ಮಾತಾಡಿದರೆ ಅತಿಥಿ ಉಪನ್ಯಾಸಕರು ಸುಮ್ನೆ ತಲೆಯಾಡಿಸುತ್ತಿದ್ದರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವರು ತಮ್ಮ ತಪ್ಪು ಯಾಕೆ ಬಿಚ್ಚಿಡುತ್ತಾರೆ? ಅದಕ್ಕೆ ಮೊದಲು ಹಿರಿಯರೇ ತಮ್ಮ ಹಾಳಾದ ಪಾಠ ಹೇಳಬೇಕು ಅಂತ ಮಾಡಿದೆವು. ಇಪ್ಪತ್ತು ವರ್ಷ ಕಲಿಸಿದ ಸರ್ ಒಬ್ಬರು, 'ಈ ಅಧ್ಯಾಯ ನನಗೇ ಸರಿಯಾಗಿ ಗೊತ್ತಿಲ್ಲ ಮಾರಾಯ್ರೆ' ಅಂದರು. ಅವತ್ತು ಎಲ್ಲರ ಬಾಯಿ ಬಿಚ್ಚಿತು.

ಜುಲೈ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಆ ತಿಂಗಳು ರಜೆ. ಆಗಸ್ಟ್‌ನಲ್ಲಿ ಮೇಷ್ಟ್ರುಗಳೇ ಫೋನ್ ಮಾಡಿ, ಮುಂದಿನ ಶನಿವಾರ ಎಲ್ಲಿ ಅಂತ ಕೇಳಿದರು.