ಅಂತಿಮ ವರ್ಷದ ಸಂಶೋಧನೆಯಲ್ಲಿ ಒಂದು ತೊರೆಯನ್ನು ಅಳೆದ ಅನುಭವ

ಪರಿಸರ ವಿಜ್ಞಾನದ ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ತೊರೆಯ ನೀರಿನ ಮಾಲಿನ್ಯವನ್ನು. ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ ಎಂದು ಮಾರ್ಗದರ್ಶಕರು ಮೊದಲ ಭೇಟಿಯಲ್ಲಿಯೇ ಹೇಳಿ, ಅಳತೆಯೆಲ್ಲ ಮುಗಿದ ಮೇಲೆ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಬಹುದಾದ ಒಂದು ವಾಕ್ಯವನ್ನು ಬರೆದು ತರಲು ತಿಳಿಸಿದರು. ಹಲವು ಸಲ ತಿದ್ದಿದ ಮೇಲೆ ಉಳಿದ ವಾಕ್ಯ ಇದು: ಚರಂಡಿ ನೀರು ಸೇರುವ ಜಾಗದ ಕೆಳಭಾಗದಲ್ಲಿ, ಮೇಲ್ಭಾಗಕ್ಕಿಂತ, ಕರಗಿದ ಆಮ್ಲಜನಕ ಕಡಿಮೆಯಿದೆಯೇ? (ಚರಂಡಿಯ ಕೊಳೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಅದರ ಇಳಿಕೆ ಮಾಲಿನ್ಯದ ಸೂಚನೆ.) ಇಡೀ ಕೆಲಸದಲ್ಲಿ ಅತ್ಯಂತ ಫಲಪ್ರದವಾದ ವಾರಗಳು ಅವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ ಕಿರಿದಾದ ಕೂಡಲೇ ಅದರೊಳಗಿನ ತೊಡಕುಗಳು ಕಾಣತೊಡಗಿದವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಸಿಹಿನೀರಿನ ಸಂತೃಪ್ತ ಪ್ರಮಾಣ, ಅಂದರೆ ಗಾಳಿಯಿಂದ ಅದರಲ್ಲಿ ಕರಗಿ ನಿಲ್ಲಬಲ್ಲ ಆಮ್ಲಜನಕ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಸುಮಾರು 7.6 ಮಿಲಿಗ್ರಾಂ ಮಾತ್ರ. ಇದರ ಜೊತೆಗೆ, ಪಾಚಿ ಮತ್ತು ಜಲಸಸ್ಯಗಳು ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ, ಇರುಳಿಡೀ ಎಲ್ಲ ಜೀವಿಗಳೂ ಅದನ್ನು ಬಳಸುತ್ತವೆ. ಹೀಗಾಗಿ ಸಸ್ಯಗಳು ದಟ್ಟವಾಗಿರುವ ನೀರಿನಲ್ಲಿ ಅದರ ಮಟ್ಟ ಮಧ್ಯಾಹ್ನದ ನಂತರ ಏರಿ ಬೆಳಗಿನ ಜಾವ ತಳ ಮುಟ್ಟುತ್ತದೆ. ಮೇಲ್ಭಾಗದ ಮಾದರಿಗಳನ್ನು ಸದಾ ಬೆಳಿಗ್ಗೆಯೂ ಕೆಳಭಾಗದವನ್ನು ಸದಾ ಮಧ್ಯಾಹ್ನವೂ ತೆಗೆದರೆ, ಕಾಣುವ ವ್ಯತ್ಯಾಸ ಚರಂಡಿಯದ್ದೋ ಗಡಿಯಾರದ್ದೋ ಎಂದು ಯಾವ ಲೆಕ್ಕಾಚಾರವೂ ಹೇಳಲಾರದು. ಆದ್ದರಿಂದ ಎರಡು ಜಾಗಗಳ ಮಾದರಿಗಳನ್ನೂ ಸೂರ್ಯೋದಯದ ಆಸುಪಾಸಿನಲ್ಲಿ ಆದಷ್ಟು ಕಡಿಮೆ ಅಂತರದಲ್ಲಿ ತೆಗೆದು, ಯಾವ ಜಾಗಕ್ಕೆ ಮೊದಲು ಹೋಗಬೇಕೆಂಬ ಕ್ರಮವನ್ನು ಪ್ರತಿ ಸಲವೂ ಅದಲುಬದಲು ಮಾಡಿದೆ.

ಅಳತೆಗೆ, ಕರಗಿದ ಆಮ್ಲಜನಕವನ್ನು ರಾಸಾಯನಿಕ ಕ್ರಿಯೆಯಿಂದ ಲೆಕ್ಕಹಾಕುವ ವಿಂಕ್ಲರ್ ವಿಧಾನವನ್ನು ಬಳಸಿದೆ. 1888ರಷ್ಟು ಹಳೆಯದಾದರೂ ಅದು ಇಂದಿಗೂ ನಂಬಿಕೆಗೆ ಅರ್ಹವಾದ ವಿಧಾನ. ಗಾಳಿಗುಳ್ಳೆ ಉಳಿಯದಂತೆ ಬಾಟಲಿ ತುಂಬಿಸಿ, ತೊರೆಯ ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್-ಅಜೈಡ್ ದ್ರಾವಣಗಳನ್ನು ಬೆರೆಸಿದರೆ, ಆಮ್ಲಜನಕವು ಕಂದು ಬಣ್ಣದ ಗಸಿಯಾಗಿ ಬಂಧಿತವಾಗುತ್ತದೆ. ಆನಂತರ ಆಮ್ಲ ಸೇರಿಸಿದಾಗ ಬಿಡುಗಡೆಯಾಗುವ ಅಯೋಡಿನ್ನನ್ನು ಪಿಷ್ಟದ ಸೂಚಕದೊಂದಿಗೆ ಥಯೋಸಲ್ಫೇಟ್ ಬಳಸಿ ಟೈಟ್ರೇಟ್ ಮಾಡಿ, ಅಂದರೆ ಆ ದ್ರಾವಣವನ್ನು ಅಳೆದು ಹನಿಹನಿಯಾಗಿ ಸೇರಿಸಿ, ನೀಲಿ ಬಣ್ಣ ಮರೆಯಾದ ಘಟ್ಟವನ್ನು ಗುರುತಿಸಬೇಕು; ಅಲ್ಲಿಯವರೆಗೆ ಬಳಸಿದ ಥಯೋಸಲ್ಫೇಟ್‌ನಿಂದ ಆಮ್ಲಜನಕದ ಪ್ರಮಾಣ ತಿಳಿಯುತ್ತದೆ. ಚರಂಡಿ ನೀರು ಬೆರೆತ ಮಾದರಿಗಳಲ್ಲಿ ನೈಟ್ರೈಟ್ ಇರುವ ಸಂಭವ ಹೆಚ್ಚು. ಅದು ಫಲಿತಾಂಶವನ್ನು ಕೆಡಿಸದಂತೆ ತಡೆಯುವುದೇ ಅಜೈಡ್‌ನ ಕೆಲಸ. ಪ್ರತಿ ಬಾಟಲಿಯ ಸಂಖ್ಯೆ, ಸಮಯ, ನೀರಿನ ಉಷ್ಣತೆ, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಸ್ಥಳದಲ್ಲಿಯೇ ಪುಸ್ತಕಕ್ಕೆ ಬರೆದುಕೊಂಡೆ.

ಮಾರ್ಗದರ್ಶಕರೊಂದಿಗೆ ಹೆಚ್ಚು ಚರ್ಚೆ ನಡೆದದ್ದು ಪುನರಾವರ್ತನೆಯ ಕುರಿತು. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ತುಂಬಿಸಿದ ಹಲವು ಬಾಟಲಿಗಳು ನನ್ನ ಅಳತೆ ಎಷ್ಟು ಸ್ಥಿರವಾಗಿದೆ ಎಂಬುದನ್ನು ತೋರಿಸುತ್ತವೆಯೇ ವಿನಾ ಸ್ವತಂತ್ರ ಸಾಕ್ಷ್ಯಗಳಾಗುವುದಿಲ್ಲ. ಪರಿಸರ ಅಧ್ಯಯನಗಳಲ್ಲಿನ ಈ ಹುಸಿ ಪುನರಾವರ್ತನೆಯನ್ನು ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ ಅವರು 1984ರಲ್ಲಿಯೇ ವಿವರವಾಗಿ ಎತ್ತಿ ತೋರಿಸಿದ್ದಾರೆ. ಹಾಗಾಗಿ ಬಾಟಲಿಗಳ ಸರಾಸರಿಯನ್ನು ಒಂದೇ ಅಂಕಿಯೆಂದು ಪರಿಗಣಿಸಿ, ಒಂದೇ ದಿನದ ಮೇಲ್ಭಾಗ-ಕೆಳಭಾಗಗಳನ್ನು ಜೋಡಿಯಾಗಿ ಹೋಲಿಸುವುದೆಂದು ಅಂಕಿಅಂಶ ಕೈಸೇರುವ ಮೊದಲೇ ಬರೆದಿಟ್ಟೆವು. ಫಲಿತಾಂಶ ನೋಡಿದ ಮೇಲೆ ಪರೀಕ್ಷೆಯನ್ನು ಆರಿಸುವ ಆಸೆಗೆ ಇದರಿಂದ ಅವಕಾಶ ಉಳಿಯಲಿಲ್ಲ.

ಪ್ರತಿ ಭೇಟಿಗೂ ಮುನ್ನ ಅರ್ಧ ಪುಟದ ಟಿಪ್ಪಣಿ ಕಳುಹಿಸುತ್ತಿದ್ದೆ; ಅದರಲ್ಲಿ ಆದ ಕೆಲಸಕ್ಕಿಂತ, ಅವರಿಂದ ಯಾವ ತೀರ್ಮಾನ ಬೇಕಾಗಿದೆ ಎಂಬುದೇ ಮೊದಲು ಬರುತ್ತಿತ್ತು. ವಿಧಾನದ ಅಧ್ಯಾಯವನ್ನು ಮಾದರಿ ಸಂಗ್ರಹದ ದಿನಗಳಲ್ಲಿಯೇ ಬರೆದೆ. ಕೆಳಭಾಗದಲ್ಲಿ ಆಮ್ಲಜನಕ ಕಡಿಮೆಯಿರುವುದು ಸ್ಪಷ್ಟವಾಗಿಯೇ ಕಂಡುಬಂದಿತು. ಆದರೆ ಒಂದು ತೊರೆ, ಒಂದು ಚರಂಡಿ, ಒಂದು ಋತುವಿನ ಆಧಾರದ ಮೇಲೆ ಇತರ ತೊರೆಗಳ ಬಗ್ಗೆ ಮಾತಾಡಲಾಗದೆಂದು ಪ್ರಬಂಧದ ಸಾರಾಂಶದಲ್ಲಿಯೇ ನಮೂದಿಸಿದೆ.