ಅಡ್ಜಸ್ಟೆಡ್ ಲಾಭವನ್ನು ನಾನು ಓದುವ ರೀತಿ: ನನ್ನ ಅನುಭವ

"ಅಡ್ಜಸ್ಟೆಡ್ ಎಬಿಟ್ಡಾ ನೋಡಿ ಷೇರು ಕೊಂಡವನು ಮುಳುಗುತ್ತಾನೆ." ನಮ್ಮ ಹೂಡಿಕೆದಾರರ ಗುಂಪಿನಲ್ಲಿ ಎಲ್ಲರ ಮಾತು ಇದೇ ಆಗಿತ್ತು. ಎಬಿಟ್ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ. ಅದನ್ನು ಕಂಪನಿ ತನ್ನದೇ ರೀತಿಯಲ್ಲಿ ಹೊಂದಿಸಿ ತೋರಿಸಿದರೆ ಅಡ್ಜಸ್ಟೆಡ್. ನನಗೆ ಪರಿಚಯದ ಸಿಎ ಒಬ್ಬರಂತೂ, ನಿವ್ವಳ ಲಾಭ ಬಿಟ್ಟು ಬೇರೆ ಏನನ್ನೂ ನೋಡಬೇಡಿ ಎಂದಿದ್ದರು. ಆದರೆ ಕೆಲವು ವರ್ಷದಿಂದ ನಾನು ಆ ಅಡ್ಜಸ್ಟೆಡ್ ಅಂಕಿಯನ್ನೇ ಹಿಡಿದುಕೊಂಡು ಕೆಲಸ ಮಾಡುತ್ತಿದ್ದೇನೆ. ಈಗ ಗುಂಪಿನ ಕೆಲವರು ನನ್ನ ಎಕ್ಸೆಲ್ ಹಾಳೆ ಕೇಳುತ್ತಿದ್ದಾರೆ.

ಮೊದಲು ನಾನೂ ಸಿಎ ಹೇಳಿದಂತೆಯೇ ಮಾಡಿದೆ. ನಷ್ಟದಲ್ಲಿರುವ ಕಂಪನಿ ಎಂದರೆ ಕಣ್ಣು ಮುಚ್ಚಿ ಪಟ್ಟಿಯಿಂದ ಹೊರಗೆ. 2022ರಲ್ಲಿ ಝೊಮ್ಯಾಟೊ ಷೇರು ನಲವತ್ತು ರೂಪಾಯಿ ಆಸುಪಾಸಿಗೆ ಇಳಿದಾಗ ತಿರುಗಿಯೂ ನೋಡಲಿಲ್ಲ. ಆಮೇಲೆ ಇನ್ನೊಂದು ತುದಿಗೆ ಹೋದೆ. ಎಬಿಟ್ಡಾ ಮಾರ್ಜಿನ್ (ಆದಾಯದಲ್ಲಿ ಎಬಿಟ್ಡಾದ ಪಾಲು) ಮಾತ್ರ ನೋಡಿ ಒಂದು ಚಿಲ್ಲರೆ ಮಾರಾಟ ಕಂಪನಿ ಕೊಂಡೆ. ಅಲ್ಲಿ ಒಂದೂವರೆ ಲಕ್ಷದಷ್ಟು ಹೋಯಿತು.

ಆ ದುಡ್ಡು ಎಲ್ಲಿ ಹೋಯಿತು ಎಂದು ಹುಡುಕುವಾಗಲೇ ದಾರಿ ಸಿಕ್ಕಿದ್ದು. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಎಂಬ ಗುತ್ತಿಗೆ-ಬಾಡಿಗೆಯ ಲೆಕ್ಕದ ನಿಯಮ ಬಂತಲ್ವಾ? ಅಂಗಡಿ ಬಾಡಿಗೆಯ ಬಹುಪಾಲು ಖರ್ಚಿನ ಸಾಲಿನಿಂದ ಎದ್ದು ಸವಕಳಿ ಮತ್ತು ಬಡ್ಡಿಗೆ ಹೋಯಿತು. ವ್ಯಾಪಾರ ಬದಲಾಗದೆ ಎಬಿಟ್ಡಾ ಉಬ್ಬಿತು. ನಾನೀಗ ನೇರವಾಗಿ ನಗದು ಹರಿವಿನ ಪಟ್ಟಿಗೆ ಹೋಗುತ್ತೇನೆ. ಕೆಳಗೆ ಹಣಕಾಸು ಚಟುವಟಿಕೆಯಲ್ಲಿ ಲೀಸ್ ಪಾವತಿ ಇರುತ್ತದೆ. ಅಸಲು, ಬಡ್ಡಿ ಎರಡನ್ನೂ ಕೂಡಿಸಿ ಎಬಿಟ್ಡಾದಿಂದ ಕಳೆಯುತ್ತೇನೆ. ಎಬಿಟ್ಡಾ 100 ಕೋಟಿ, ಲೀಸ್ ಪಾವತಿ 45 ಕೋಟಿ ಎಂದಿಟ್ಟುಕೊಳ್ಳಿ. ಎಬಿಟ್ಡಾದ ಇಪ್ಪತ್ತು ಪಟ್ಟು ಬೆಲೆ ಎಂದುಕೊಂಡದ್ದು ಮೂವತ್ತಾರು ಪಟ್ಟು ಆಗುತ್ತದೆ.

ಎರಡನೆಯದು ಇಸಾಪ್, ಅಂದರೆ ನೌಕರರಿಗೆ ಷೇರು ಕೊಡುವ ಯೋಜನೆ. 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ ಪೇಟಿಎಂ, ಇಸಾಪ್ ವೆಚ್ಚ ಬಿಟ್ಟು 31 ಕೋಟಿ ಎಬಿಟ್ಡಾ ತೋರಿಸಿತು. ನಿವ್ವಳ ನಷ್ಟ 392 ಕೋಟಿ. ಬಿಟ್ಟ ಇಸಾಪ್ ಒಂದೇ ಸುಮಾರು 360 ಕೋಟಿ. ನೌಕರರಿಗೆ ಷೇರು ಕೊಡುವುದೂ ಸಂಬಳವೇ. ಅದನ್ನು ತೆರುವವರು ನಾವು, ಷೇರುದಾರರು. ಹಾಗಾಗಿ ಅದನ್ನು ಪೂರ್ತಿ ಖರ್ಚಿಗೆ ವಾಪಸ್ ಹಾಕುತ್ತೇನೆ.

ಆದರೆ ಹೊಂದಾಣಿಕೆ ಮಾಡಿದವರೆಲ್ಲ ಮೋಸಗಾರರಲ್ಲ. ಝೊಮ್ಯಾಟೊದ ವ್ಯಾಖ್ಯೆ ಓದಿ ನೋಡಿ. ಇಸಾಪ್ ವೆಚ್ಚವನ್ನು ಲಾಭಕ್ಕೆ ಸೇರಿಸಿಕೊಂಡಿದ್ದಾರೆ ನಿಜ. ಆದರೆ ಕೊಟ್ಟ ಬಾಡಿಗೆಯನ್ನು ತಾವೇ ಕಳೆದಿದ್ದಾರೆ. ತನ್ನ ಅಂಕಿ ಕಡಿಮೆಯಾಗುವ ಕಡೆಗೂ ಹೊಂದಾಣಿಕೆ ಮಾಡುವ ಕಂಪನಿಗೆ ನನ್ನ ಹಾಳೆಯಲ್ಲಿ ಜಾಸ್ತಿ ಅಂಕ. 2023ರಲ್ಲಿ ಅರವತ್ತರ ಹತ್ತಿರ ಸುಮಾರು ಎರಡು ಲಕ್ಷ ಹಾಕಿದೆ. ಸಿಎ ಬೇಡ ಎಂದರು. ಆ ವರ್ಷದ ಜೂನ್ ತ್ರೈಮಾಸಿಕದಲ್ಲಿ ಕಂಪನಿ ಮೊದಲ ಬಾರಿ ನಿವ್ವಳ ಲಾಭ ತೋರಿಸಿತು, ಬರೀ 2 ಕೋಟಿ. ಮರುವರ್ಷ ಇನ್ನೂರು ದಾಟಿದ ಮೇಲೆ ಅರ್ಧ ಮಾರಿದೆ. ಈ ವಿಧಾನದ ಮೇಲೆ ನನಗೆ ಧೈರ್ಯ ಬಂದದ್ದು ಅಲ್ಲಿಂದ.

ಇದರ ನಡುವೆ ಇನ್ಫೋಸಿಸ್ ಮೇಲೂ ಒಂದು ಪ್ರಯೋಗ ಮಾಡಿದೆ. 2022-23ರಲ್ಲಿ ಅದರ ಆದಾಯ ರೂಪಾಯಿಯಲ್ಲಿ ಶೇ 20ಕ್ಕಿಂತ ಸ್ವಲ್ಪ ಮೇಲೆ ಬೆಳೆದಿತ್ತು, ಡಾಲರ್‌ನಲ್ಲಿ ಶೇ 12ರ ಒಳಗೆ. ವಿನಿಮಯ ದರ ಬದಲಾಗಿಲ್ಲ ಎಂದುಕೊಂಡು ಹಾಕುವ ಕಾನ್‌ಸ್ಟಂಟ್ ಕರೆನ್ಸಿ ಲೆಕ್ಕದಲ್ಲಿ ಶೇ 15.4. ವ್ಯಾಪಾರ ಎಷ್ಟು ಬೆಳೆಯಿತು ಎಂಬುದಕ್ಕೆ ಈ ಮೂರನೆಯದೇ ಹತ್ತಿರದ ಉತ್ತರ. ಬದಲಿ ಅಂಕಿಗಳನ್ನೆಲ್ಲ ಸುಮ್ನೆ ಕಸಕ್ಕೆ ಹಾಕುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಮೂರನೆಯದು "ಒಂದೇ ಸಲದ ಖರ್ಚು" ಎಂದು ಹೇಳಿ ಕಂಪನಿಗಳು ಲಾಭದ ಲೆಕ್ಕದಿಂದ ಬಿಡುವ ಮೊತ್ತ. ಏಳೆಂಟು ವರ್ಷದ ಅಂಥ ಖರ್ಚನ್ನೆಲ್ಲ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಅದೇ ಖರ್ಚು ಮತ್ತೆ ಮತ್ತೆ ಬಂದರೆ ಸರಾಸರಿ ತೆಗೆದು ಪ್ರತಿ ವರ್ಷದ ಲಾಭದಿಂದ ಕಳೆಯಿರಿ.

ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ನೋಡುವವರಿಗೆ ಕೆಲಸ ಈಗ ಸುಲಭ. 2022ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ನಿಯಮ ಬದಲಿಸಿತು. ಪ್ರಾಸ್ಪೆಕ್ಟಸ್‌ನ (ಐಪಿಒ ವಿವರ ಪುಸ್ತಕದ) ಬೆಲೆ ನಿಗದಿಯ ಅಧ್ಯಾಯದಲ್ಲಿ ಕೆಪಿಐಗಳನ್ನು, ಅಂದರೆ ವ್ಯಾಪಾರ ಅಳೆಯುವ ಮುಖ್ಯ ಅಂಕಿಗಳನ್ನು ಹಾಕಲೇಬೇಕು, ಅವಕ್ಕೆ ಆಡಿಟ್ ಸಮಿತಿಯ ಒಪ್ಪಿಗೆಯೂ ಬೇಕು. ನಾನು ಮೊದಲು ತೆಗೆಯುವುದೇ ಆ ಪುಟ. ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್ 18 ಜಾರಿಯಾಗುವುದು 2027ರ ಜನವರಿಯಿಂದ. ಅದರ ಪ್ರಕಾರ ಕಂಪನಿ ತಾನೇ ಕಟ್ಟಿದ ಲಾಭದ ಅಂಕಿಯನ್ನು ಆಡಿಟ್ ಆದ ಟಿಪ್ಪಣಿಯಲ್ಲಿ ಅಧಿಕೃತ ಲೆಕ್ಕಕ್ಕೆ ಹೊಂದಿಸಿ ತೋರಿಸಬೇಕು.

ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕಲ್ಲದ ಹಣಕಾಸು ಕಂಪನಿಗಳಿಗೆ) ಈ ಹಾಳೆ ಬಳಸಬೇಡಿ. ಅಲ್ಲಿ ಬಡ್ಡಿಯೇ ಕಚ್ಚಾ ಮಾಲು. ಎಬಿಟ್ಡಾಕ್ಕೆ ಅಲ್ಲಿ ಅರ್ಥವಿಲ್ಲ.